ಬೌಲರ್‌ನ ಮಾಡೋದೂ ಕೋಚೇ, ಮುರಿಯೋದೂ ಕೋಚೇ

2024ರ ಜೂನ್ 20, ಗುರುವಾರ. ನಾನು ಬುಲೆಟಿನ್‌ಗೆ ಕೂತಿದ್ದೆ. ಇಯರ್‌ಪೀಸ್‌ನಲ್ಲಿ ಪ್ರೊಡ್ಯೂಸರ್ ಧ್ವನಿ ಬಂತು: "ಬ್ರೇಕಿಂಗ್ ಇದೆ. ಮಾಜಿ ಟೆಸ್ಟ್ ಕ್ರಿಕೆಟಿಗ ಡೇವಿಡ್ ಜಾನ್ಸನ್ ಇನ್ನಿಲ್ಲ." ಕ್ಷಣದಲ್ಲಿ ಪ್ರಾಂಪ್ಟರ್ ಮೇಲೆ ನಾಲ್ಕು ಸಾಲು ಬಂದವು. ಹುಟ್ಟಿದ್ದು ಹಾಸನ ಜಿಲ್ಲೆಯ ಅರಸೀಕೆರೆ, ವಯಸ್ಸು 52, ಭಾರತದ ಪರ ಎರಡು ಟೆಸ್ಟ್, ಮೂರು ವಿಕೆಟ್. ಓದಿದೆ. ಮುಂದಿನ ಸುದ್ದಿಗೆ ಹೋದೆ. ನಮ್ಮ ಕೆಲಸವೇ ಹಾಗೆ, ನಾಲ್ಕು ಸಾಲಿಗೆ ಒಂದು ಜೀವನ ಮುಗಿದು ಹೋಗುತ್ತದೆ.

ಬುಲೆಟಿನ್ ಮುಗಿದ ಮೇಲೆ ಡೆಸ್ಕಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಿದಳು. "ಸರ್, ಅಷ್ಟೊಂದು ಫಾಸ್ಟ್ ಇದ್ರು ಅಂತ ಎಲ್ಲರೂ ಹೇಳ್ತಾರೆ. ಮತ್ತೆ ಎರಡೇ ಮ್ಯಾಚ್ ಯಾಕೆ ಸರ್?"

ಉತ್ತರ ಹೇಳೋಕೆ ಬಾಯಿ ತೆರೆದೆ, ಹೊಳೀಲಿಲ್ಲ. ಹೊಳೆನರಸೀಪುರದಲ್ಲಿ ಹುಟ್ಟಿ, ಹಾಸನದಲ್ಲಿ ಇಂಜಿನಿಯರಿಂಗ್ ಓದಿದ ನನಗೆ ಗೊತ್ತಿರಬೇಕಾದ ಉತ್ತರ ಅದು. ಹಾಸನ ಅಂದ್ರೆ ನಮ್ಮ ಸ್ಟುಡಿಯೋದಲ್ಲಿ ಬರೀ ರಾಜಕೀಯ. ಚುನಾವಣೆ ಬಂದರೆ ನಮ್ಮ ಜಿಲ್ಲೆಯ ಒಂದೊಂದು ಬೂತಿನ ಲೆಕ್ಕವನ್ನೂ ಬಾಯಲ್ಲೇ ಹೇಳ್ತೀನಿ. ಆದರೆ ಇದೇ ಜಿಲ್ಲೆ, ಅದರಲ್ಲೂ ಒಂದೇ ಅರಸೀಕೆರೆ ತಾಲ್ಲೂಕು, ಭಾರತಕ್ಕೆ ಇಬ್ಬರು ಅಪ್ಪಟ ವೇಗದ ಬೌಲರ್‌ಗಳ ಹೆಸರು ಕೊಟ್ಟಿದೆ ಅನ್ನೋದನ್ನ ಎಷ್ಟು ಸಲ ಹೇಳಿದ್ದೀನಿ? ಒಬ್ಬರು ಅರಸೀಕೆರೆ ಪಟ್ಟಣದಲ್ಲಿ ಹುಟ್ಟಿದ ಜಾನ್ಸನ್. ಇನ್ನೊಬ್ಬರು ಊರನ್ನೇ ಹೆಸರಿನಲ್ಲಿ ಹೊತ್ತುಕೊಂಡವರು, ಜಾವಗಲ್ ಶ್ರೀನಾಥ್. ಹುಟ್ಟಿ ಬೆಳೆದದ್ದು ಮೈಸೂರಾದರೂ ಮನೆತನ ಜಾವಗಲ್‌ನದು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇದೆಯಲ್ಲ, ಅದೇ ಊರು. ಒಬ್ಬರು 67 ಟೆಸ್ಟ್ ಆಡಿ 236 ವಿಕೆಟ್ ತೆಗೆದರು. ಇನ್ನೊಬ್ಬರು ಎರಡು ಟೆಸ್ಟಿಗೆ ನಿಂತರು. ಇಬ್ಬರಿಗೂ ವೇಗ ಇತ್ತು. ಹಾಗಾದರೆ ವ್ಯತ್ಯಾಸ ಎಲ್ಲಿ?

ಆ ವಾರ ರಾತ್ರಿ ಕಾರ್ಯಕ್ರಮದಲ್ಲಿ ಇದನ್ನೇ ಮಾತಾಡಿದೆ. ಕಾರ್ಯಕ್ರಮದ ಮಧ್ಯೆ ಚನ್ನರಾಯಪಟ್ಟಣ ಕಡೆಯಿಂದ ಒಬ್ಬರು ಫೋನ್ ಮಾಡಿದರು. ತೆಂಗಿನ ತೋಟ ಇಟ್ಟುಕೊಂಡಿರುವವರು. "ಸಾರ್, ನಮ್ಮ ಹುಡ್ಗ ಹದಿನಾಕ್ ವರ್ಷದವ್ನು. ಚೆನ್ನಾಗ್ ಸ್ಪೀಡ್ ಹಾಕ್ತಾನೆ. ಕೋಚಿಂಗ್‌ಗೆ ಸೇರ್ಸಿದೀನಿ. ಅವ್ರು ಆಕ್ಷನ್ ಸರಿ ಇಲ್ಲ, ಬದ್ಲಾಯಿಸ್ಬೇಕು ಅಂತವ್ರೆ. ಬದ್ಲಾಯ್ಸಿದ್ ಮೇಲೆ ಬೆನ್ ನೋವು ಅಂತಾನೆ. ಏನ್ ಮಾಡ್ಲಿ ಸಾರ್?"

ಲೈವ್‌ನಲ್ಲಿ ನನಗೆ ಉಳಿದಿದ್ದು ನಲವತ್ತು ಸೆಕೆಂಡು. "ಡಾಕ್ಟರಿಗೆ ತೋರಿಸಿ, ಅಣ್ಣ" ಅಂದು ಬ್ರೇಕ್‌ಗೆ ಹೋದೆ. ಅವರಿಗೆ ಹೇಳಬೇಕಾಗಿದ್ದ ಉಳಿದದ್ದನ್ನೆಲ್ಲ ಈ ಬರಹದಲ್ಲಿ ಹೇಳ್ತಿದ್ದೀನಿ.

ಮೊದಲು ವೇಗ ಎಲ್ಲಿಂದ ಬರುತ್ತೆ ಅನ್ನೋದು. ಬಹಳ ಜನ ತೋಳಿನಿಂದ ಅಂದುಕೊಂಡಿದ್ದಾರೆ. ತೋಳು ಕೊನೆಯ ಕೊಂಡಿ ಅಷ್ಟೇ. ನೀವು ಟಿವಿಎಸ್ ಫಿಫ್ಟಿಯಲ್ಲಿ ಹಾಲಿನ ಕ್ಯಾನ್ ಇಟ್ಟುಕೊಂಡು ಡೈರಿಗೆ ಹೋಗ್ತಿದ್ದೀರಿ ಅಂತಿಟ್ಟುಕೊಳ್ಳಿ. ಮುಂದಿನ ಚಕ್ರ ಕಲ್ಲಿಗೆ ಬಡೀತು. ಗಾಡಿ ನಿಂತುಹೋಯ್ತು, ಕ್ಯಾನ್ ಮುಂದಕ್ಕೆ ಹಾರಿತು. ಫಾಸ್ಟ್ ಬೌಲಿಂಗ್ ಅಂದ್ರೆ ಇಷ್ಟೇ. ಓಡಿ ಬಂದ ವೇಗವನ್ನು ಮುಂದಿನ ಕಾಲು ಗಕ್ಕನೆ ನಿಲ್ಲಿಸುತ್ತದೆ. ನಿಂತ ಕಾಲಿನ ಮೇಲೆ ಸೊಂಟ ತಿರುಗುತ್ತದೆ, ಸೊಂಟದ ಮೇಲೆ ಎದೆ, ಎದೆಯಿಂದ ಭುಜ, ಭುಜದಿಂದ ತೋಳು, ಕೊನೆಗೆ ಬೆರಳ ತುದಿ. ಒಂದೊಂದು ಭಾಗವೂ ನಿಂತು ತನ್ನ ವೇಗವನ್ನು ಮುಂದಿನದಕ್ಕೆ ದಾಟಿಸುತ್ತದೆ, ಚಾವಟಿ ಬೀಸಿದ ಹಾಗೆ. ಆ ಮುಂದಿನ ಕಾಲು ನೆಲಕ್ಕೆ ಬಡಿಯುವ ಕ್ಷಣದಲ್ಲಿ ದೇಹದ ತೂಕದ ಐದಾರು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು. ಎಪ್ಪತ್ತು ಕೆ.ಜಿ. ಹುಡುಗನ ಮೇಲೆ ನಾಲ್ಕು ಕ್ವಿಂಟಾಲ್. ಒಂದು ಎಸೆತಕ್ಕೆ ಒಂದು ಸಲ. ಆರು ಎಸೆತಕ್ಕೆ ಆರು ಸಲ. ಆ ಭಾರ ಎಲ್ಲಿಗೆ ಹೋಗುತ್ತೆ? ಮೊಣಕಾಲು ದಾಟಿ ಸೀದಾ ಸೊಂಟದ ಮೂಳೆಗೆ.

ಈಗ ಆಕ್ಷನ್ ವಿಷಯಕ್ಕೆ ಬರ್ತೀನಿ. ಹಳೆಯ ಕೋಚಿಂಗ್ ಪುಸ್ತಕಗಳಲ್ಲಿ ಒಂದೇ ಆಕ್ಷನ್ 'ಸರಿ', ಅದೇ ಸೈಡ್-ಆನ್. ಬಲಗೈ ಬೌಲರ್ ಆದರೆ ಎಡ ಭುಜ ಬ್ಯಾಟ್ಸ್‌ಮನ್ ಕಡೆ, ಹಿಂದಿನ ಪಾದ ಕ್ರೀಸಿಗೆ ಸಮಾನಾಂತರ, ಕಣ್ಣು ಎಡ ತೋಳಿನ ಮೇಲಿಂದ ನೋಡಬೇಕು. ಇದಕ್ಕೆ ವಿರುದ್ಧವಾದದ್ದು ಫ್ರಂಟ್-ಆನ್. ಹಿಂದಿನ ಪಾದ ಪಿಚ್ ಕಡೆಗೇ ನೆಟ್ಟಗಿರುತ್ತದೆ, ಎದೆ ತೆರೆದಿರುತ್ತದೆ. ಎರಡರಲ್ಲೂ ದೊಡ್ಡ ಬೌಲರ್‌ಗಳು ಬಂದಿದ್ದಾರೆ. ತೊಂದರೆ ಇರೋದು ಮೂರನೆಯದರಲ್ಲಿ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ. ಇದನ್ನ ಮಿಕ್ಸ್‌ಡ್ ಆಕ್ಷನ್ ಅಂತಾರೆ. ಒದ್ದೆ ಟವೆಲ್ ಹಿಂಡಿದ ಹಾಗೆ ಪ್ರತಿ ಎಸೆತದಲ್ಲೂ ಬೆನ್ನು ಹಿಂಡಿಕೊಳ್ಳುತ್ತದೆ. ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಎಲಿಯಟ್, ಡ್ಯಾರಿಲ್ ಫಾಸ್ಟರ್ ಮತ್ತವರ ಸಂಗಡಿಗರು ಎಳೆಯ ಬೌಲರ್‌ಗಳನ್ನು ಅಧ್ಯಯನ ಮಾಡಿ ತೋರಿಸಿದ್ದು ಇದನ್ನೇ. ಬೆನ್ನುಮೂಳೆಯ ಕೆಳಭಾಗದಲ್ಲಿ ಬೀಳುವ ಸೀಳುಗಳಿಗೂ ಈ ಮಿಶ್ರ ಆಕ್ಷನ್‌ಗೂ ನೇರ ಸಂಬಂಧ ಇದೆ ಅಂತ.

ಆದರೆ ಮಿಕ್ಸ್‌ಡ್ ಆಕ್ಷನ್ ಹುಡುಗನಿಗೆ ಹೇಗೆ ಬರುತ್ತೆ? ಬಹಳ ಸಲ ಕೋಚೇ ಕೊಡ್ತಾರೆ! ಫ್ರಂಟ್-ಆನ್ ಆಗಿ ಸಹಜವಾಗಿ ಓಡಿ ಬರೋ ಹುಡುಗನನ್ನ ನಿಲ್ಲಿಸಿ, "ಭುಜ ತಿರುಗಿಸು, ಎಡಗೈ ಮೇಲಿಂದ ನೋಡು" ಅಂತಾರೆ. ಹುಡುಗ ವಿಧೇಯ. ಭುಜ ತಿರುಗಿಸ್ತಾನೆ. ಆದರೆ ಪಾದ? ಪಾದದ ಬಗ್ಗೆ ಯಾರೂ ಹೇಳಿಲ್ಲ, ಅದು ಹಳೇ ಜಾಗದಲ್ಲೇ ಬೀಳುತ್ತೆ. ಮೇಲ್ಗಡೆ ಸೈಡ್-ಆನ್, ಕೆಳಗಡೆ ಫ್ರಂಟ್-ಆನ್. ನೋಡೋಕೆ ಪುಸ್ತಕದ ಚಿತ್ರದ ಹಾಗೇ ಇರುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ಒಳಗೆ ಮೂಳೆ ಸೀಳ್ತಿರುತ್ತೆ.

ನನಗೂ ಆಗಿದ್ದು ಇದೇ. ಹದಿನೈದು ವರ್ಷದವನಿದ್ದಾಗ ಬೇಸಿಗೆ ಶಿಬಿರವೊಂದಕ್ಕೆ ಹೋಗಿದ್ದೆ. ಯಾವ ಶಿಬಿರ ಅನ್ನೋದು ಈಗ ಬೇಡ. ಹೊಳೆನರಸೀಪುರದಲ್ಲಿ ಹೇಮಾವತಿ ದಂಡೆಯ ಕಡೆ ಟೆನಿಸ್ ಬಾಲ್ ಆಡಿ ಬೆಳೆದ ಹುಡುಗ, ಬಾಲ್ ಒಳಗೆ ಬರ್ತಿತ್ತು, ಅದೊಂದೇ ನನ್ನ ಬಂಡವಾಳ. ಹತ್ತು ದಿನದಲ್ಲಿ ಆಕ್ಷನ್ 'ಸರಿ' ಮಾಡಿದರು. ಇನ್‌ಸ್ವಿಂಗ್ ಹೋಯ್ತು, ಔಟ್‌ಸ್ವಿಂಗ್ ಬರಲಿಲ್ಲ, ಬಂದಿದ್ದು ಬೆನ್ನುನೋವು. ಎರಡು ತಿಂಗಳು ಮಲಗಿದ್ದೆ. ಅಮ್ಮ ಹರಳೆಣ್ಣೆ ಹಚ್ಚಿ, ಬಿಸಿನೀರು ಕಾಸಿ, "ಓದ್ಕೊಳೋ ಅಂದ್ರೆ ಕೇಳ್ತೀಯಾ" ಅಂತಿದ್ದಳು. ಓದಿಕೊಂಡೆ, ಇಂಜಿನಿಯರ್ ಆದೆ, ಆಮೇಲೆ ಅದನ್ನೂ ಬಿಟ್ಟು ಕ್ಯಾಮೆರಾ ಮುಂದೆ ಕೂತೆ. ಭಾರತಕ್ಕೆ ಒಬ್ಬ ವೇಗಿ ತಪ್ಪಿಹೋದ ಅಂತೇನೂ ಅಲ್ಲ, ನಾನು ಅಂಥ ಬೌಲರ್ ಆಗಿರಲಿಲ್ಲ. ಆದರೆ ಇವತ್ತಿಗೂ ಎರಡು ಗಂಟೆ ಸ್ಟುಡಿಯೋದಲ್ಲಿ ಕೂತರೆ ಎಡ ಸೊಂಟ ಹಿಡ್ಕೊಳ್ಳುತ್ತೆ. ಬಲಗೈ ಬೌಲರ್‌ಗೆ ಸೀಳು ಬೀಳೋದು ಸಾಮಾನ್ಯವಾಗಿ ಎಡಗಡೆ.

ಹಾಗಾದರೆ ಕೋಚ್‌ಗಳು ಯಾರ ಆಕ್ಷನ್ನೂ ಮುಟ್ಟಬಾರದಾ? ಹಾಗೂ ಅಲ್ಲ. ಡೆನ್ನಿಸ್ ಲಿಲ್ಲಿಯನ್ನೇ ನೋಡಿ. 1973ರಲ್ಲಿ ಆ ಮನುಷ್ಯನ ಬೆನ್ನುಮೂಳೆಯಲ್ಲಿ ಸೀಳು ಬಿತ್ತು. ಮುಗೀತು ಅಂದರು ಎಲ್ಲರೂ. ಫ್ರಾಂಕ್ ಪೈಕ್ ಅನ್ನೋ ದೈಹಿಕ ಶಿಕ್ಷಣ ತಜ್ಞರ ಜೊತೆ ಕೂತು ದೇಹ, ಓಟ, ಆಕ್ಷನ್ ಎಲ್ಲ ಮತ್ತೆ ಕಟ್ಟಿಕೊಂಡು ಬಂದರು. ಇನ್ನೂ ಹತ್ತು ವರ್ಷ ಆಡಿದರು. ಮುಂದೆ ಅದೇ ಲಿಲ್ಲಿ 1987ರಲ್ಲಿ ಚೆನ್ನೈಗೆ ಬಂದು ಎಂಆರ್‌ಎಫ್ ಪೇಸ್ ಫೌಂಡೇಶನ್‌ನಲ್ಲಿ ನಮ್ಮ ಹುಡುಗರಿಗೆ ಕಲಿಸಿದರು. ಅಲ್ಲಿಗೆ ವೇಗದ ಬೌಲರ್ ಆಗಬೇಕು ಅಂತ ಹೋದ ಒಬ್ಬ ಕುಳ್ಳ ಹುಡುಗನಿಗೆ 'ನೀನು ಬ್ಯಾಟಿಂಗ್ ನೋಡ್ಕೋ' ಅಂದಿದ್ದೂ ಅವರೇ. ಆ ಹುಡುಗ ಸಚಿನ್ ತೆಂಡೂಲ್ಕರ್. ಬೇಡ ಅನ್ನೋದೂ ಕೋಚಿಂಗೇ, ಅದನ್ನ ಹೇಳೋ ಕೋಚ್‌ಗಳು ಕಡಿಮೆ. ಫೀಸ್ ನಿಲ್ಲುತ್ತಲ್ಲ!

ಈಗ ನಮ್ಮ ಶ್ರೀನಾಥ್. ಮೈಸೂರಿನ ಮರಿಮಲ್ಲಪ್ಪ ಶಾಲೆ, ಆಮೇಲೆ ಎಸ್‌ಜೆಸಿಇಯಲ್ಲಿ ಇನ್‌ಸ್ಟ್ರುಮೆಂಟೇಶನ್ ಇಂಜಿನಿಯರಿಂಗ್. ಇಂಜಿನಿಯರ್ ಅನ್ನೋ ಕಾರಣಕ್ಕೆ ನನಗೆ ಅವರ ಮೇಲೆ ಸ್ವಲ್ಪ ಪಕ್ಷಪಾತ ಜಾಸ್ತಿ, ಒಪ್ಕೋತೀನಿ. ಕ್ಲಬ್ ಪಂದ್ಯವೊಂದರಲ್ಲಿ ಅವರನ್ನು ಕಂಡು ಗುರುತಿಸಿದವರು ಜಿ.ಆರ್. ವಿಶ್ವನಾಥ್. 1989ರಲ್ಲಿ ಹೈದರಾಬಾದ್ ವಿರುದ್ಧ ಮೊದಲ ರಣಜಿ ಪಂದ್ಯ, ಅದರಲ್ಲೇ ಹ್ಯಾಟ್ರಿಕ್. 1991ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಪಾದಾರ್ಪಣೆ. ಅಲ್ಲಿಂದ ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಆಡೋಕೆ ಎಷ್ಟು ಕಾದರು ಗೊತ್ತಾ? ಮೂರು ವರ್ಷ. 1994ರ ನವೆಂಬರ್‌ವರೆಗೆ. ಕಪಿಲ್ ದೇವ್ ಇದ್ದರು, ಪ್ರಭಾಕರ್ ಇದ್ದರು, ಉಳಿದ ಜಾಗ ಎಲ್ಲ ಸ್ಪಿನ್ನರ್‌ಗಳಿಗೆ. ನೀರು ಹೊತ್ತುಕೊಂಡು ಹೋಗಿ ಬರೋ ಕೆಲಸ.

ಶ್ರೀನಾಥ್‌ಗೆ ಸಹಜವಾಗಿ ಬರ್ತಿದ್ದ ಎಸೆತ ಬಲಗೈ ಬ್ಯಾಟ್ಸ್‌ಮನ್‌ಗೆ ಒಳಗೆ ನುಗ್ಗಿ ಬರುವಂಥದ್ದು. ಅದೇ ಅವರ ಬಲ. ಅದೇ ಅವರ ದೌರ್ಬಲ್ಯವೂ. ಒಳಗೆ ಬರುತ್ತೆ ಅಂತ ಗೊತ್ತಾದ ಮೇಲೆ ಒಳ್ಳೇ ಬ್ಯಾಟ್ಸ್‌ಮನ್ ಕಾಲಿಟ್ಟು ಆಡ್ತಾನೆ. ಎರಡನೆಯ ದೂರು, ಲೆಂಗ್ತ್. ವೇಗ ಇದ್ದವನಿಗೆ ಬಾಲ್ ಎದೆಮಟ್ಟ ಎಗರೋದು ನೋಡೋಕೆ ಖುಷಿ. ಸ್ವಲ್ಪ ಶಾರ್ಟ್ ಹಾಕ್ತಾನೆ. ಬಾಲ್ ಬ್ಯಾಟಿನ ಪಕ್ಕದಲ್ಲೇ ಸುಯ್ ಅಂತ ಹೋಗುತ್ತೆ, ಜನ ಚಪ್ಪಾಳೆ ತಟ್ಟುತ್ತಾರೆ, ವಿಕೆಟ್ ಬೀಳಲ್ಲ. ಟಿವಿಯಲ್ಲಿ ನಾವೆಲ್ಲ 'ಅಯ್ಯೋ, ಅನ್‌ಲಕ್ಕಿ' ಅಂತಿದ್ವಿ. ಅದು ಲಕ್ ಅಲ್ಲ, ಒಂದು ಗಜದ ಲೆಕ್ಕ.

ಆ ಒಂದು ಗಜ ಸರಿಯಾಗಿದ್ದು ಹೇಗೆ? 1995ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ ಗ್ಲಾಸ್ಟರ್‌ಶೈರ್ ಕೌಂಟಿಗೆ ಆಡಿದರು. ಒಂದೇ ಸೀಸನ್‌ನಲ್ಲಿ 87 ವಿಕೆಟ್. ಇಂಗ್ಲೆಂಡಿನಲ್ಲಿ ಶಾರ್ಟ್ ಹಾಕಿದರೆ ಏನೂ ಸಿಗಲ್ಲ, ಮುಂದೆ ಹಾಕಿದವನಿಗೆ ಬಾಲ್ ಮಾತಾಡುತ್ತೆ. ವಾರಕ್ಕೆ ಐದಾರು ದಿನ ಬೌಲಿಂಗ್ ಮಾಡೋವಾಗ ಯಾರೂ ಬಾಯಲ್ಲಿ ಹೇಳಿಕೊಡಬೇಕಾಗಿಲ್ಲ, ಪಿಚ್ಚೇ ಹೇಳುತ್ತೆ. ನನ್ನ ಪ್ರಕಾರ ಶ್ರೀನಾಥ್‌ಗೆ ಸಿಕ್ಕ ಅತ್ಯುತ್ತಮ ಕೋಚ್ ಆ ಸೀಸನ್ನೇ. ಮರುವರ್ಷ 1996ರ ನವೆಂಬರ್‌ನಲ್ಲಿ ಅಹಮದಾಬಾದ್. ದಕ್ಷಿಣ ಆಫ್ರಿಕಾಕ್ಕೆ 170 ರನ್ ಗುರಿ. 105ಕ್ಕೆ ಆಲೌಟ್. ಶ್ರೀನಾಥ್ 21ಕ್ಕೆ 6. ಅದೂ ಸ್ಪಿನ್ನರ್‌ಗಳ ನಾಡಿನ ಪಿಚ್ಚಿನ ಮೇಲೆ.

ಮುಂದೆ 1997ರಲ್ಲಿ ಭುಜ ಕೈಕೊಟ್ಟಿತು, ಶಸ್ತ್ರಚಿಕಿತ್ಸೆ ಆಯ್ತು. ಬೇರೆಯವರಾದರೆ ಅಲ್ಲಿಗೇ ಮುಗೀತಿತ್ತು. ಇವರು ಲೆಗ್ ಕಟರ್, ನಿಧಾನದ ಎಸೆತ ಕಲಿತುಕೊಂಡು ಮತ್ತೆ ಬಂದರು. 1999ರ ಫೆಬ್ರವರಿಯಲ್ಲಿ ಕೋಲ್ಕತ್ತಾದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ತೆಗೆದರು. ಆ ಟೆಸ್ಟ್ ನಾವು ಸೋತೆವು, ಅದು ಬೇರೆ ಮಾತು. ನಾಲ್ಕು ವಿಶ್ವಕಪ್, 44 ವಿಕೆಟ್. ಕೊನೆಯ ಪಂದ್ಯ 2003ರ ಫೈನಲ್, 10 ಓವರಿಗೆ 87 ರನ್, ವಿಕೆಟ್ ಇಲ್ಲ. ಜನಕ್ಕೆ ಆ 87 ನೆನಪಿದೆ, ಗ್ಲಾಸ್ಟರ್‌ಶೈರ್‌ನ 87 ನೆನಪಿಲ್ಲ. ಎರಡೂ ಒಂದೇ ಅಂಕಿ, ನೋಡಿ.

ಜಾನ್ಸನ್ ಕಥೆ ಇದರ ಪಕ್ಕಕ್ಕಿಟ್ಟು ನೋಡಬೇಕು. 1995-96ರ ರಣಜಿಯಲ್ಲಿ ಕೇರಳದ ವಿರುದ್ಧ 152 ರನ್ನಿಗೆ 10 ವಿಕೆಟ್. ಆ ವರ್ಷ ಕರ್ನಾಟಕ ರಣಜಿ ಗೆದ್ದಿತು. 1996ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟಿಗೆ ಶ್ರೀನಾಥ್ ಗಾಯಗೊಂಡರು, ಜಾನ್ಸನ್‌ಗೆ ಕರೆ ಬಂತು. ಮೈಕಲ್ ಸ್ಲೇಟರ್ ಮೊದಲ ವಿಕೆಟ್, ಕ್ಯಾಚ್ ಹಿಡಿದಿದ್ದು ಅಜರುದ್ದೀನ್. ಡಿಸೆಂಬರ್‌ನಲ್ಲಿ ಡರ್ಬನ್. ಈ ಡರ್ಬನ್ ಟೆಸ್ಟ್ ಕನ್ನಡಿಗರು ನೆನಪಿಡಬೇಕಾದ್ದು. ಭಾರತ 100 ಮತ್ತು 66ಕ್ಕೆ ಆಲೌಟ್ ಆಗಿ ಹೀನಾಯವಾಗಿ ಸೋತಿತು ನಿಜ. ಆದರೆ ಆ ತಂಡದ ಮುಖ್ಯ ಬೌಲರ್‌ಗಳು ನಾಲ್ಕೂ ಜನ ಕರ್ನಾಟಕದವರು: ಶ್ರೀನಾಥ್, ವೆಂಕಟೇಶ್ ಪ್ರಸಾದ್, ಜಾನ್ಸನ್, ಕುಂಬ್ಳೆ. ನಾಲ್ವರಲ್ಲಿ ಇಬ್ಬರ ಬೇರು ಅರಸೀಕೆರೆ ತಾಲ್ಲೂಕಿನಲ್ಲಿ. ಆ ಪಂದ್ಯದಲ್ಲಿ ಹತ್ತು ವಿಕೆಟ್ ತೆಗೆದದ್ದು ಯಾರು? ನಾಲ್ವರಲ್ಲಿ ಅತಿ ವೇಗದವರಲ್ಲ. ಪ್ರಸಾದ್. ಅವರ ವೇಗ ಮಧ್ಯಮ, ಆದರೆ ಲೆಗ್ ಕಟರ್ ಯಾವಾಗ, ನಿಧಾನದ ಎಸೆತ ಯಾವಾಗ ಅನ್ನೋದು ಅವರಿಗೆ ಗೊತ್ತಿತ್ತು. ಜಾನ್ಸನ್‌ಗೆ ಎರಡು ವಿಕೆಟ್ ಸಿಕ್ಕವು. ಆಮೇಲೆ ಮತ್ತೆ ಕರೆ ಬರಲಿಲ್ಲ. ಒಟ್ಟು 39 ಪ್ರಥಮ ದರ್ಜೆ ಪಂದ್ಯ, 125 ವಿಕೆಟ್.

ಜಾನ್ಸನ್ ಬಗ್ಗೆ ಆಗ ಎಲ್ಲರೂ ಹೇಳ್ತಿದ್ದದ್ದು, ಇನ್ನೂ ಹೇಳೋದು ಒಂದೇ ಮಾತು: ವೇಗ ಇತ್ತು, ಹಿಡಿತ ಸಾಲದು. ಸರಿ. ಆದರೆ ಹಿಡಿತ ಅನ್ನೋದು ಹುಟ್ಟಿನಿಂದ ಬರೋದಲ್ಲ. ವೇಗ ಹುಟ್ಟಿನಿಂದ ಬರುತ್ತೆ, ಸ್ನಾಯು, ಎತ್ತರ, ತೋಳಿನ ಉದ್ದದಿಂದ ಬರುತ್ತೆ. ಹಿಡಿತ ಕಲಿಸಿದರೆ ಬರೋದು. ಒಂದೇ ಜಾಗದಿಂದ ಓಟ ಶುರು ಮಾಡಿ, ಒಂದೇ ಜಾಗದಲ್ಲಿ ಕಾಲಿಟ್ಟು, ಸಾವಿರ ಸಲ, ಹತ್ತು ಸಾವಿರ ಸಲ ಮಾಡಿದರೆ ಬರೋದು. ಶ್ರೀನಾಥ್‌ಗೆ ಟೆಸ್ಟ್ ಪಾದಾರ್ಪಣೆಗೂ ಅಹಮದಾಬಾದ್‌ಗೂ ಮಧ್ಯೆ ಐದು ವರ್ಷ ಸಿಕ್ಕಿತು. ಜಾನ್ಸನ್‌ಗೆ ದೆಹಲಿಗೂ ಡರ್ಬನ್‌ಗೂ ಮಧ್ಯೆ ಎರಡೂವರೆ ತಿಂಗಳು. ಆ ಹುಡುಗಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಇದು ಪೂರ್ತಿ ಉತ್ತರ ಅಂತ ಹೇಳಲ್ಲ, ಆಯ್ಕೆದಾರರ ಕೋಣೆಯಲ್ಲಿ ನಾನು ಕೂತಿರಲಿಲ್ಲ.

ಇದು ಕ್ರಿಕೆಟ್ಟಿಗೆ ಮಾತ್ರ ಸೀಮಿತ ಅಲ್ಲ. ಅಮೆರಿಕದಲ್ಲಿರೋ ನನ್ನ ಕಾಲೇಜು ಗೆಳೆಯನೊಬ್ಬ ಅಲ್ಲಿನ ಫುಟ್‌ಬಾಲ್ ಹುಚ್ಚ. ಅವರ ಫುಟ್‌ಬಾಲ್ ಕಾಲಲ್ಲಿ ಒದೆಯೋ ಆಟ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನ ಕೈಯಲ್ಲಿ ಎಸೆಯೋ, ಹಿಡಿಯೋ, ಗುದ್ದಾಡೋ ಆಟ. ಅದರಲ್ಲಿ ಎಸೆಯೋನಿಗೆ ಕ್ವಾರ್ಟರ್‌ಬ್ಯಾಕ್ ಅಂತಾರೆ. ಇಡೀ ತಂಡ ಅವನ ಕೈ ಮೇಲೆ. ಅಲ್ಲಿ ಜಾಶ್ ಅಲೆನ್ ಅನ್ನೋ ಹುಡುಗ 2018ರಲ್ಲಿ ಬಫಲೋ ತಂಡಕ್ಕೆ ಬಂದ. ತೋಳಿನಲ್ಲಿ ಭಯಂಕರ ಬಲ, ಗುರಿ ಮಾತ್ರ ಎಲ್ಲೆಲ್ಲೋ. ಅವನು ಎಸೆದ ಚೆಂಡುಗಳಲ್ಲಿ ಮೊದಲ ವರ್ಷ ಗುರಿ ಮುಟ್ಟಿದ್ದು ಶೇ 52.8. ಅಂದರೆ ನಮ್ಮ ಭಾಷೆಯಲ್ಲಿ ವೇಗ ಇದೆ, ಹಿಡಿತ ಇಲ್ಲ. ಅವರು ಅವನನ್ನ ಕೈಬಿಡಲಿಲ್ಲ. ತೋಳನ್ನೂ ಕೆಣಕಲಿಲ್ಲ, ಪಾದ ಎಲ್ಲಿಡ್ತಾನೆ, ಸೊಂಟ ಯಾವಾಗ ತಿರುಗುತ್ತೆ ಅನ್ನೋದನ್ನ ಹಿಡಿದುಕೊಂಡರು. ಎರಡು ವರ್ಷ ಬಿಟ್ಟು 2020ರಲ್ಲಿ ಅದೇ ಸಂಖ್ಯೆ ಶೇ 69.2. ನನ್ನ ಗೆಳೆಯ ಇದನ್ನ ಹೇಳಿದಾಗ ನನಗೆ ತಕ್ಷಣ ನೆನಪಾಗಿದ್ದು ಅರಸೀಕೆರೆ.

ಇದಕ್ಕೆ ತದ್ವಿರುದ್ಧ ಟಿಮ್ ಟೀಬೋ. ಕಾಲೇಜಿನಲ್ಲಿ ಹೀರೋ, 2007ರಲ್ಲಿ ಅಲ್ಲಿನ ಅತಿ ದೊಡ್ಡ ಪ್ರಶಸ್ತಿ. ಎಸೆಯೋಕೆ ಮುಂಚೆ ತೋಳನ್ನ ಕೆಳಕ್ಕೆ ಇಳಿಸಿ ಸುತ್ತಿಸಿ ತರೋ ಅಭ್ಯಾಸ ಇತ್ತು. ಕಾಲೇಜು ಕೋಚ್‌ಗಳು ಅವನಿಗೆ ಹೊಂದೋ ಹಾಗೇ ಆಟ ಕಟ್ಟಿದರು, ಗೆದ್ದರು, ಆ ಅಭ್ಯಾಸ ಹಾಗೇ ಉಳೀತು. ದೊಡ್ಡವರ ಲೀಗ್‌ನಲ್ಲಿ ಆ ಅರೆಕ್ಷಣದ ತಡ ಸಾಕಾಯ್ತು. ಬೇಗ ಮರೆಯಾದ. ಕೋಚ್ ದೌರ್ಬಲ್ಯವನ್ನ ಮುಚ್ಚಿಟ್ಟು ಗೆಲ್ಲಬಹುದು. ಟ್ರೋಫಿ ಅಕಾಡೆಮಿ ಷೋಕೇಸಿಗೆ ಬರುತ್ತೆ, ದೌರ್ಬಲ್ಯ ಹುಡುಗನ ಜೊತೆ ಹೋಗುತ್ತೆ.

ಮತ್ತೆ ನಮ್ಮ ಊರಿಗೆ ಬರೋಣ. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಎಲ್ಲಿ ಹೋದರೂ ಭಾನುವಾರ ಕಾಲೇಜು ಮೈದಾನದಲ್ಲಿ, ಕೊಯ್ಲಾದ ಗದ್ದೆಯಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಕೆಲಸ ಮುಗಿಸಿ ಸಂಜೆ ಆಡೋ ಹುಡುಗರನ್ನ ನೋಡಿದ್ದೀನಿ, ಏನು ಯಾರ್ಕರ್ ಹಾಕ್ತಾರೆ ಅಂತೀರಿ! ಟೆನಿಸ್ ಬಾಲೂ ಒಂದು ಕೋಚೇ. ಆರೆಂಟು ಓವರಿನ ಆಟ, ಬ್ಯಾಟ್ಸ್‌ಮನ್ ಪ್ರತಿ ಬಾಲೂ ಎತ್ತಿ ಬಾರಿಸ್ತಾನೆ, ಆದ್ದರಿಂದ ಯಾರ್ಕರ್, ನಿಧಾನದ ಬಾಲ್ ಚೆನ್ನಾಗಿ ಕಲೀತಾರೆ. ಇದು ಬಲ. ದೌರ್ಬಲ್ಯ ಏನಪ್ಪಾ ಅಂದ್ರೆ, ಟೆನಿಸ್ ಬಾಲ್ ತೂಕ 58 ಗ್ರಾಂ ಆಸುಪಾಸು, ಲೆದರ್ ಬಾಲ್ 156ರಿಂದ 163 ಗ್ರಾಂ. ಸುಮಾರು ಮುಮ್ಮಡಿ. ಟೆನಿಸ್ ಬಾಲಿಗೆ ಹೊಲಿಗೆ ಇಲ್ಲ, ಸೀಮ್ ನೆಟ್ಟಗೆ ಹಿಡಿಯೋ ಮಣಿಕಟ್ಟಿನ ಅಭ್ಯಾಸವೇ ಬರಲ್ಲ. ಬಾಲ್ ಹಗುರ ಅಂತ ತೋಳಿನಲ್ಲೇ ಜೋರಾಗಿ ಬೀಸೋದು ರೂಢಿ ಆಗುತ್ತೆ, ಕೆಲವರಿಗೆ ಮೊಣಕೈ ಮಡಚಿ ಎಸೆಯೋದೂ ರೂಢಿ ಆಗುತ್ತೆ. ಐಸಿಸಿ ನಿಯಮದಲ್ಲಿ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವ ಹಾಗಿಲ್ಲ. ಗದ್ದೆಯಲ್ಲಿ ಡಿಗ್ರಿ ಯಾರು ಅಳೀತಾರೆ? ಇಂಥ ಹುಡುಗನ ಕೈಗೆ ಒಂದು ದಿನ ಲೆದರ್ ಬಾಲ್ ಕೊಟ್ಟು 'ಹಾಕಪ್ಪ' ಅಂದರೆ ಭುಜವೇ ಮೊದಲು ಕೂಗೋದು.

ಹಾಗಂತ ತಡವಾಗಿ ಶುರು ಮಾಡಿದವರಿಗೆ ಬಾಗಿಲು ಮುಚ್ಚಿಲ್ಲ. ಅಭಿಮನ್ಯು ಮಿಥುನ್ ಹದಿನೇಳು ವರ್ಷದವರೆಗೆ ಲೆದರ್ ಬಾಲ್ ಮುಟ್ಟಿದವರೇ ಅಲ್ಲ. ಎಸೆತದ ಕ್ರೀಡೆಗಳ ಕಡೆಯಿಂದ ಬಂದವರು, ಡಿಸ್ಕಸ್, ಜಾವೆಲಿನ್. ದೇಹ ಗಟ್ಟಿಯಾಗಿತ್ತು, ಬೆನ್ನು ಸವೆದಿರಲಿಲ್ಲ. 2009ರಲ್ಲಿ ಉತ್ತರ ಪ್ರದೇಶದ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಸೇರಿ 11 ವಿಕೆಟ್. ಇನ್ನೊಂದು ಕಡೆ ದಾವಣಗೆರೆಯ ವಿನಯ್ ಕುಮಾರ್. ವೇಗ ಅಷ್ಟಿಲ್ಲ, ಕಸುಬು ಪೂರ್ತಿ. ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್, ನಾಯಕನಾಗಿ ಎರಡು ವರ್ಷ ಸತತ ರಣಜಿ. ಆದರೆ 2012ರಲ್ಲಿ ಪರ್ತ್‌ನಲ್ಲಿ ಆಡಿದ ಒಂದೇ ಒಂದು ಟೆಸ್ಟಿನಲ್ಲಿ ಡೇವಿಡ್ ವಾರ್ನರ್ ಹೊಡೆದ ಹೊಡೆತ ಎಲ್ಲರಿಗೂ ನೆನಪಿದೆ. ಯಾವ ಕೋಚೂ ಅವರಿಗೆ ಹತ್ತು ಕಿಲೋಮೀಟರ್ ವೇಗ ಸೇರಿಸಿಕೊಡೋಕೆ ಆಗ್ತಿರಲಿಲ್ಲ. ಜಾನ್ಸನ್ ಬಳಿ ಇದ್ದದ್ದು ವಿನಯ್ ಬಳಿ ಇರಲಿಲ್ಲ, ವಿನಯ್ ಬಳಿ ಇದ್ದದ್ದು ಜಾನ್ಸನ್ ಬಳಿ ಇರಲಿಲ್ಲ. ಶ್ರೀನಾಥ್ ಬಳಿ ಎರಡೂ ಸೇರಿದವು, ಅದಕ್ಕೇ ಅಂಥವರು ಅಪರೂಪ.

ಜಸ್‌ಪ್ರೀತ್ ಬುಮ್ರಾ ಹೆಸರು ಹೇಳದೆ ಇದನ್ನ ಮುಗಿಸಿದರೆ ನೀವು ಬಿಡಲ್ಲ. ಓಟ ಚಿಕ್ಕದು, ಕೈ ಕೋಲಿನ ಹಾಗೆ ನೆಟ್ಟಗೆ, ಯಾವ ಕೋಚಿಂಗ್ ಪುಸ್ತಕದಲ್ಲೂ ಇಲ್ಲದ ಆಕ್ಷನ್. ಮನೆಯಲ್ಲಿ ಅಮ್ಮನ ನಿದ್ದೆ ಕೆಡಬಾರದು ಅಂತ ಗೋಡೆ ನೆಲಕ್ಕೆ ಸೇರೋ ಅಂಚಿಗೇ ಬಾಲ್ ಹಾಕಿ ಹಾಕಿ ಯಾರ್ಕರ್ ಕಲಿತರು ಅನ್ನೋ ಕಥೆ ನಿಮಗೆ ಗೊತ್ತೇ ಇದೆ. ಅವರ ಅದೃಷ್ಟ, ಆ ಆಕ್ಷನ್ನನ್ನ ಯಾರೂ 'ಸರಿ' ಮಾಡಲಿಲ್ಲ. ಸರಿ ಮಾಡಿದ್ದರೆ ಬ್ಯಾಟ್ಸ್‌ಮನ್‌ಗೆ ಕೈ ಯಾವಾಗ ಬರುತ್ತೆ ಅಂತ ಗೊತ್ತಾಗದ ಆ ಗುಟ್ಟೇ ಹೋಗ್ತಿತ್ತು. ಆದರೆ ಅದಕ್ಕೂ ಬೆಲೆ ಇದೆ. 2019ರಲ್ಲಿ ಬೆನ್ನಿನಲ್ಲಿ ಸೀಳು, 2023ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ. ಬಿಟ್ಟರೂ ಬೆಲೆ, ತಿದ್ದಿದರೂ ಬೆಲೆ. ಆ ಬೆಲೆಯನ್ನ ಮೊದಲೇ ಲೆಕ್ಕ ಹಾಕಿ, ಓವರ್ ಎಣಿಸಿ, ಸ್ನಾಯು ಗಟ್ಟಿ ಮಾಡಿ ಹುಡುಗನಿಗೂ ಅಪ್ಪ-ಅಮ್ಮನಿಗೂ ಹೇಳೋದು ಕೋಚ್ ಕೆಲಸ.

ಓವರ್ ಎಣಿಸೋದು ಅಂದೆನಲ್ಲ, ಅದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಡಿಮೆ ಮಾಡೋದು. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಎಳೆಯ ವೇಗಿಗಳಿಗೆ ಮಿತಿ ಹಾಕಿದೆ. 13ರವರೆಗೆ ಒಂದು ಸ್ಪೆಲ್‌ನಲ್ಲಿ 5 ಓವರ್, ದಿನಕ್ಕೆ 10. 14-15ರವರಿಗೆ 6 ಮತ್ತು 12. 16-17ರವರಿಗೆ 7 ಮತ್ತು 18. ನಮ್ಮಲ್ಲಿ? ಬೆಳಗ್ಗೆ ನೆಟ್ಸ್‌ನಲ್ಲಿ ಒಂದು ಗಂಟೆ, ಮಧ್ಯಾಹ್ನ ಶಾಲಾ ಮ್ಯಾಚ್, ಸಂಜೆ ಬ್ಯಾಟಿಂಗ್ ಹುಡುಗರಿಗೆ ಪ್ರಾಕ್ಟೀಸ್ ಕೊಡೋಕೆ ಮತ್ತೆ ಇವನೇ. ಫಾಸ್ಟ್ ಹಾಕೋ ಹುಡುಗ ಅಂದ್ರೆ ಅಕಾಡೆಮಿಗೆ ಬಿಟ್ಟಿ ಬೌಲಿಂಗ್ ಮೆಷಿನ್. ಫೀಸ್ ಕಟ್ಟಿರೋದೂ ಅವನ ಅಪ್ಪನೇ!

ಚನ್ನರಾಯಪಟ್ಟಣದ ಆ ಅಪ್ಪನ ನಂಬರ್ ನಮ್ಮ ಪ್ಯಾನಲ್ ಹುಡುಗರ ಹತ್ತಿರ ಇತ್ತು. ಎರಡು ದಿನ ಬಿಟ್ಟು ನಾನೇ ಫೋನ್ ಮಾಡಿದೆ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ, ನೋವು ಸೊಂಟದ ಎಡಗಡೆ ಒಂದೇ ಜಾಗದಲ್ಲಿದ್ದರೆ ಅದನ್ನ ಸ್ಪಷ್ಟವಾಗಿ ಹೇಳಿ ಅಂದೆ. ಆಮೇಲೆ ಹಿಂದಿನಿಂದ, ಪಕ್ಕದಿಂದ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು, ಹಿಂದಿನ ಪಾದ ಯಾವ ಕಡೆ, ಭುಜ ಯಾವ ಕಡೆ ಅಂತ ನೀವೇ ನೋಡಿ ಅಂದೆ. ಎರಡೂ ಒಂದೇ ಕಡೆ ಇಲ್ಲದಿದ್ದರೆ ಕೋಚ್‌ನ ಕೇಳಿ. ಮತ್ತೆ ಹುಡುಗ ದಿನಕ್ಕೆ ಎಷ್ಟು ಬಾಲ್ ಹಾಕ್ತಾನೆ ಅಂತ ಒಂದು ಪುಸ್ತಕದಲ್ಲಿ ಬರೀರಿ, ನೆಟ್ಸ್‌ನದೂ ಸೇರಿಸಿ.

ಡಾಕ್ಟರು ಮೂಳೆಗೆ ಏನೂ ಆಗಿಲ್ಲ, ಸ್ನಾಯು ಹಿಡಿದಿದೆ ಅಂತ ಮೂರು ವಾರ ರೆಸ್ಟ್ ಹೇಳಿದರಂತೆ. ಮತ್ತೆ ಬೌಲಿಂಗ್ ಶುರುವಾದ ಮೇಲೆ ಅವರು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರು. ತೆಂಗಿನಕಾಯಿ ಲೆಕ್ಕದ ಪುಸ್ತಕ. ಒಂದು ಪುಟದಲ್ಲಿ ಕಾಯಿ, ಎದುರು ಪುಟದಲ್ಲಿ ಬಾಲ್. ಸೋಮವಾರ 96, ಮಂಗಳವಾರ 132, ಬುಧವಾರ 118. ಹದಿನಾಲ್ಕು ವರ್ಷದ ಹುಡುಗನಿಗೆ 72ರ ಮೇಲೆ ಹೋಗಬಾರದು. ತಕ್ಷಣ ಫೋನ್ ಮಾಡಿದೆ.

"ಇದನ್ನ ಕೋಚ್‌ಗೆ ತೋರಿಸಿದ್ರಾ ಅಣ್ಣ?"

"ತೋರ್ಸ್ದೆ ಸಾರ್. ಮೊದ್ಲು ಸಿಟ್ ಮಾಡ್ಕಂಡ್ರು, ನೀವೇ ಕೋಚಿಂಗ್ ಮಾಡ್ಕಳಿ ಅಂದ್ರು. ನಾನು ಸುಮ್ನೆ ನಿಂತಿದ್ದೆ. ಸ್ವಲ್ಪ ಹೊತ್ತಾದ್ಮೇಲೆ, ಆ ಬುಕ್ ಇಲ್ಲೇ ಇಟ್ಟೋಗಿ, ಬೇರೆ ಹುಡುಗ್ರುದೂ ಬರೀಬೇಕು ಅಂದ್ರು. ಈಗ ಕಾಯಿ ಲೆಕ್ಕಕ್ಕೆ ಬೇರೆ ಬುಕ್ ತಗಂಡಿದೀನಿ ಸಾರ್."